ಏರ್ ರೈಫಲ್‌ನ ಗ್ರೂಪ್ ಚದುರುತ್ತಿದ್ದರೆ: ಸೈಜಿಂಗ್ ಡೈ ಕೊಳ್ಳುವ ಮೊದಲು ನೋಡಬೇಕಾದದ್ದು

ಆರಿದ್ರಾ ಮಳೆ ಹಿಡಿದು ಪುಷ್ಯ ಮುಗಿಯುವವರೆಗೆ ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕ ರೇಂಜಿಗೆ ಪ್ರತಿ ವರ್ಷವೂ ಒಂದೇ ಬಗೆಯ ದೂರು ಬರುತ್ತದೆ. ಬೇಸಿಗೆಯಲ್ಲಿ ಹತ್ತಕ್ಕೆ ಹತ್ತೂ ಪೆಲೆಟ್ (ಏರ್ ರೈಫಲ್‌ನ ಸೀಸದ ಗುಂಡು) ಒಂದೇ ತೂತಿನಲ್ಲಿ ಕೂರುತ್ತಿದ್ದ ರೈಫಲ್ ಈಗ ಎರಡು ಮೂರನ್ನು ಹೊರಗೆ ಎಸೆಯುತ್ತದೆ, ಗುರಿ ಹಿಡಿದವರ ಕೈ ಕೆಟ್ಟಿಲ್ಲ, ರೈಫಲ್ ಬಿದ್ದಿಲ್ಲ, ಆದರೂ ಗ್ರೂಪ್, ಅಂದರೆ ಗುಂಡುಗಳು ಬಿದ್ದ ತೂತುಗಳ ಗುಂಪು, ದೊಡ್ಡದಾಗಿದೆ. ಕಳೆದ ಮಳೆಗಾಲದಲ್ಲಿ ಹೊಸನಗರ ತಾಲ್ಲೂಕಿನಿಂದ ಬರುವ ಒಬ್ಬ ಹುಡುಗಿಯ ರೈಫಲ್‌ಗೆ ಇದೇ ಆಯಿತು. ಅವಳ ತಂದೆ ಕಾಗದದ ಟಾರ್ಗೆಟ್‌ಗಳ ಕಂತೆಯನ್ನು ಮೇಜಿನ ಮೇಲಿಟ್ಟು, “ಎಂಥ ಮಾಡೂದು ಮಾರಾಯ್ರೆ, ಒಂದು ಡೈ ತರಿಸಿಬಿಡೂದಾ?” ಎಂದು ಕೇಳಿದರು. ಡೈ ಎಂದರೆ ಪೆಲೆಟ್‌ಗಳನ್ನು ಅದರ ರಂಧ್ರದ ಮೂಲಕ ತಳ್ಳಿ ಒಂದೇ ಅಳತೆಗೆ ತರುವ ಲೋಹದ ತುಂಡು. ದೋಷ ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ಮದ್ದು ನಿಶ್ಚಯವಾಗಿತ್ತು. ಆ ರೈಫಲ್‌ನಲ್ಲಿ ಕಡೆಗೆ ಸಿಕ್ಕಿದ್ದು ಒಂದಲ್ಲ, ಎರಡು ದೋಷಗಳು, ಮತ್ತು ಎರಡಕ್ಕೂ ಡೈ ಉತ್ತರವಾಗಿರಲಿಲ್ಲ. ಅವುಗಳನ್ನು ಹುಡುಕಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಡೈಯ ಆಸೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮೊದಲು ಹೇಳಬೇಕು. ಕಾಡತೂಸಿನ ರೈಫಲ್‌ಗಳಲ್ಲಿ ನಿಖರತೆಗಾಗಿ ಮದ್ದುಗುಂಡನ್ನು ತಾವೇ ತುಂಬಿಕೊಳ್ಳುವವರ ಬರಹಗಳನ್ನು ನಮ್ಮ ಹುಡುಗರು ಓದುತ್ತಾರೆ. ಅಲ್ಲಿ ಡೈಗೆ ನಿಜವಾಗಿಯೂ ದೊಡ್ಡ ಪಾತ್ರವಿದೆ. ಹಾರಿಸಿದ ಹಿತ್ತಾಳೆಯ ಕೋಶವು ಆ ರೈಫಲ್‌ನ ಚೇಂಬರ್‌ನ (ಕಾಡತೂಸು ಕೂರುವ ಗೂಡಿನ) ಅಳತೆಗೆ ಉಬ್ಬಿರುತ್ತದೆ. ಫುಲ್ ಲೆಂತ್ ಡೈ ಅದರ ಮೈ, ಭುಜ, ಕತ್ತು ಎಲ್ಲವನ್ನೂ ಒತ್ತಿ ಹಿಂದಿನ ಅಳತೆಗೆ ತರುತ್ತದೆ, ನೆಕ್ ಡೈ ಕತ್ತನ್ನು ಮಾತ್ರ ಬಿಗಿಮಾಡುತ್ತದೆ, ಬುಶಿಂಗ್ ಎಂಬ ಬದಲಿಸಬಲ್ಲ ಉಂಗುರ ಇರುವ ಡೈಯಲ್ಲಿ ಆ ಬಿಗಿ ಎಷ್ಟಿರಬೇಕು ಎಂಬುದನ್ನೂ ಆರಿಸಿಕೊಳ್ಳಬಹುದು, ಸೀಟಿಂಗ್ ಡೈ ಗುಂಡನ್ನು ಓರೆಯಾಗದಂತೆ ಗೊತ್ತಾದ ಆಳಕ್ಕೆ ಕೂರಿಸುತ್ತದೆ. ಯಾವ ಡೈ ಎಂಬ ಆಯ್ಕೆ ಅಲ್ಲಿ ಗ್ರೂಪ್‌ನ ಮೇಲೆ ನೇರವಾಗಿ ಕಾಣಿಸುತ್ತದೆ. ನಮ್ಮ ದೇಶದಲ್ಲಿ ಮದ್ದುಗುಂಡು ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್‌ನಂತೆ ಪರವಾನಗಿ ಬೇಕು ಎಂಬುದು ಒಂದು ಮಾತು. ಅದಕ್ಕಿಂತ ನಮಗೆ ಮುಖ್ಯವಾದ ಮಾತು ಇನ್ನೊಂದು: ಏರ್ ರೈಫಲ್‌ನಲ್ಲಿ ಕೋಶವೇ ಇಲ್ಲ. ಉಬ್ಬಿದ್ದನ್ನು ಹಿಂದಕ್ಕೆ ತರುವ ಪ್ರಶ್ನೆಯೂ ಇಲ್ಲ. ಗುಂಡೂ ಅದೇ, ಗಾಳಿ ಸೋರದಂತೆ ತಡೆಯುವ ಬಿರಡೆಯೂ ಅದೇ, ಅರ್ಧ ಗ್ರಾಂ ತೂಗುವ ಮೆತ್ತನೆಯ ಸೀಸದ ಒಂದು ತುಂಡು. ಆದ್ದರಿಂದ ಅಲ್ಲಿಯ ಪಾಠವನ್ನು ಇಲ್ಲಿಗೆ ಹಾಗೆಯೇ ತರುವುದು ಸರಿಯಲ್ಲ.

ದೋಷ ಎನ್ನುವಷ್ಟು ದೊಡ್ಡದಾಗಿದೆಯೇ

10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆ ಕೇವಲ 0.5 ಮಿ.ಮೀ. ಅಗಲ, ಒಂಬತ್ತರ ವೃತ್ತ 5.5 ಮಿ.ಮೀ., ಹೊರಗಿನ ಒಂದರ ವೃತ್ತ 45.5 ಮಿ.ಮೀ. ಪೆಲೆಟ್‌ನ ವ್ಯಾಸವೇ 4.5 ಮಿ.ಮೀ. ಇರುವುದರಿಂದ, ಹತ್ತು ಗುಂಡಿನ ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಅದರಲ್ಲಿ 4.5 ಕಳೆದರೆ ಗ್ರೂಪ್‌ನ ನಿಜವಾದ ಹರಡು ಸಿಗುತ್ತದೆ. ಹುಡುಗಿಯ ಬೇಸಿಗೆಯ ಕಾಗದಗಳಲ್ಲಿ, ಆಸರೆಯ ಮೇಲಿಟ್ಟು ಹೊಡೆದಾಗ, ಈ ಅಳತೆ 3 ಮಿ.ಮೀ. ಆಸುಪಾಸಿನಲ್ಲಿತ್ತು, ಜುಲೈಯಲ್ಲಿ ಅದು 7ಕ್ಕೆ ಏರಿತ್ತು. ಇದು ದೋಷವೇ. ಆದರೆ ಐದೇ ಗುಂಡಿನ ಒಂದು ಕಾಗದ ನೋಡಿ ದೋಷ ಎಂದು ತೀರ್ಮಾನಿಸುವವರೂ ಇದ್ದಾರೆ. ಗುಂಡು ಹೆಚ್ಚಿದಂತೆ ಹರಡೂ ಹೆಚ್ಚುವುದು ಸಹಜ, ಐದು ಗುಂಡಿನ ಗ್ರೂಪ್ ಅದೃಷ್ಟದಿಂದ ಚಿಕ್ಕದಾಗುವುದೂ ಉಂಟು. ಹತ್ತು ಗುಂಡಿನ ಐದು ಕಾಗದಗಳಾದರೂ ಕೈಯಲ್ಲಿ ಇರದೆ ನಾನು ಮಾತು ಶುರುಮಾಡುವುದಿಲ್ಲ.

ಅಳತೆಗಿಂತ ಮೊದಲು ಆಕಾರ ನೋಡಿ. ಗ್ರೂಪ್ ಚಿಕ್ಕದಾಗಿಯೇ ಇದ್ದು ಇಡಿಯಾಗಿ ಒಂದು ಕಡೆಗೆ ಸರಿದಿದ್ದರೆ ಅದು ಗ್ರೂಪ್‌ನ ರೋಗವಲ್ಲ, ಗುರಿ ನೋಡುವ ಸೈಟ್ ಸರಿದಿದೆ ಅಥವಾ ಬೆಳಕು ಬದಲಾಗಿದೆ. ನಮ್ಮ ರೇಂಜ್ ಹಳೆಯ ಅಡಿಕೆ ಗೋದಾಮು, ಮಳೆಯಲ್ಲಿ ವೋಲ್ಟೇಜ್ ಇಳಿದಾಗ ಟಾರ್ಗೆಟ್‌ನ ದೀಪ ಮಂಕಾಗುತ್ತದೆ, ಸ್ಪರ್ಧೆಯ ರೇಂಜ್‌ನಲ್ಲಿ ಟಾರ್ಗೆಟ್ ಮೇಲೆ ಕನಿಷ್ಠ 1500 ಲಕ್ಸ್ ಬೆಳಕಿರಬೇಕು ಎಂಬ ನಿಯಮದ ಅರ್ಥ ಅಂಥ ದಿನ ಚೆನ್ನಾಗಿ ತಿಳಿಯುತ್ತದೆ. ಎರಡು ಚಿಕ್ಕ ಗ್ರೂಪ್‌ಗಳು ಅಕ್ಕಪಕ್ಕ ಬಿದ್ದಿದ್ದರೆ ಎಲ್ಲೋ ಏನೋ ಸಡಿಲವಾಗಿದ್ದು ಎರಡು ಸ್ಥಾನಗಳ ನಡುವೆ ಓಲಾಡುತ್ತಿದೆ ಎಂದು ಅನುಮಾನಿಸಬೇಕು. ಮೇಲೆ ಕೆಳಗೆ ಉದ್ದವಾಗಿ ಹರಡಿದ್ದರೆ ವೇಗದ ಏರುಪೇರು, ಎಂಟು ಗುಂಡು ಒಂದೆಡೆ ಕೂತು ಎರಡು ಮಾತ್ರ ದಿಕ್ಕಿಲ್ಲದೆ ಹಾರಿದ್ದರೆ ಪೆಲೆಟ್‌ನ ಮೇಲೆ ಅನುಮಾನ. ಹುಡುಗಿಯ ಕಾಗದಗಳಲ್ಲಿ ಈ ಕೊನೆಯ ಎರಡೂ ಬೆರೆತಿದ್ದವು. ನನಗೆ ಅದು ಅಂದು ಹೊಳೆಯಲಿಲ್ಲ, ಹಾರಿದ ಗುಂಡುಗಳನ್ನಷ್ಟೇ ನೋಡಿದೆ.

ಮನುಷ್ಯನೋ ರೈಫಲ್ಲೋ

ಮುಂದಿನ ಹೆಜ್ಜೆ ಹೊಡೆಯುವವರನ್ನು ಲೆಕ್ಕದಿಂದ ತೆಗೆಯುವುದು. ಒತ್ತಿಟ್ಟ ಗಾಳಿಯಿಂದ ನಡೆಯುವ ಮ್ಯಾಚ್ (ಸ್ಪರ್ಧೆಯ) ರೈಫಲ್ ಹೆಚ್ಚು ಒದೆಯುವುದಿಲ್ಲವಾದ್ದರಿಂದ ಭಾರವಾದ ಮೇಜಿಗೆ ವೈಸ್ (ವಸ್ತುವನ್ನು ಕಚ್ಚಿ ಹಿಡಿಯುವ ಸಾಧನ) ಬಿಗಿದು, ದವಡೆಗಳಿಗೆ ದಪ್ಪ ಚರ್ಮ ಅಥವಾ ಸೈಕಲ್ ಟ್ಯೂಬಿನ ರಬ್ಬರ್ ಹಾಕಿ, ರೈಫಲ್‌ನ ಗಟ್ಟಿ ಭಾಗವನ್ನು ಹಿಡಿಸಿ ಹೊಡೆಯಬಹುದು. ಬ್ಯಾರೆಲ್ ಅಥವಾ ಗಾಳಿ ತುಂಬಿದ ಸಿಲಿಂಡರ್ ಅನ್ನು ವೈಸ್‌ನಲ್ಲಿ ಹಿಡಿಯಬಾರದು. ತೋಟದಲ್ಲಿ ಮಂಗ ಓಡಿಸಲು ಮನೆಮನೆಯಲ್ಲಿರುವ ಸ್ಪ್ರಿಂಗ್ ಏರ್‌ಗನ್‌ಗೆ ಈ ಪರೀಕ್ಷೆ ಹೊಂದುವುದಿಲ್ಲ. ಅದರೊಳಗಿನ ಪಿಸ್ಟನ್ ಮುಂದಕ್ಕೂ ಹಿಂದಕ್ಕೂ ಒದೆಯುವುದರಿಂದ ಬಿಗಿಯಾಗಿ ಹಿಡಿದಷ್ಟೂ ಗ್ರೂಪ್ ಕೆಡುತ್ತದೆ, ಅದನ್ನು ಅಂಗೈಯ ಮೇಲೆ ಸಡಿಲವಾಗಿ, ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂರಿಸಿ ಹೊಡೆಯಬೇಕು.

ವೈಸ್‌ನಲ್ಲಿ ಗ್ರೂಪ್ ಚಿಕ್ಕದಾಗಿ, ಕೈಯಲ್ಲಿ ಮಾತ್ರ ದೊಡ್ಡದಾಗಿದ್ದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು ತರಬೇತುದಾರರನ್ನು ಕಾಣುವುದು ಒಳ್ಳೆಯದು. ಹುಡುಗಿಯ ರೈಫಲ್ ವೈಸ್‌ನಲ್ಲೂ 6 ಮಿ.ಮೀ. ಮೀರಿ ಹರಡಿತು. ಅವಳ ಮುಖ ಆಗ ಮೊದಲ ಸಲ ಅರಳಿತು, ಒಂದು ತಿಂಗಳಿಂದ ಎಲ್ಲರೂ ಅವಳ ಉಸಿರಾಟವನ್ನೇ ತಿದ್ದುತ್ತಿದ್ದರು.

ಡಬ್ಬಿಯ ಒಳಗೆ

ಅದೇ ವೈಸ್‌ನಲ್ಲಿ, ಬೇರೇನನ್ನೂ ಮುಟ್ಟದೆ, ಪೆಲೆಟ್ ಡಬ್ಬಿಯನ್ನಷ್ಟೇ ಬದಲಿಸಿ ಹತ್ತು ಹೊಡೆದೆವು. ಹಾರುವ ಗುಂಡುಗಳು ನಿಂತವು. ಅಂದರೆ ಅರ್ಧ ದೋಷ ಡಬ್ಬಿಯಲ್ಲಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸುವ ಈ ಶಿಸ್ತು ಬೇಸರದ ಕೆಲಸ, ಆದರೆ ಡಬ್ಬಿಯ ಜೊತೆಗೆ ಸ್ಕ್ರೂವನ್ನೂ ಬಿಗಿ ಮಾಡಿದ್ದರೆ ಯಾವುದರಿಂದ ಸರಿಹೋಯಿತು ಎಂಬುದು ಎಂದಿಗೂ ತಿಳಿಯುತ್ತಿರಲಿಲ್ಲ.

ಹಳೆಯ ಡಬ್ಬಿಯ ಪೆಲೆಟ್‌ಗಳನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಕೆಲವುಗಳ ಮೇಲೆ ಬೂದುಬಿಳಿಯ ಹುಡಿ ಕಂಡಿತು. ಸೀಸ ತೇವದ ಗಾಳಿಯಲ್ಲಿ ಮಂಕಾಗುವುದು ಎಲ್ಲರಿಗೂ ಗೊತ್ತು, ಮರದಿಂದ ಹೊರಡುವ ಆಮ್ಲದ ಆವಿ ಸೇರಿದರೆ ಅದು ಬಿಳಿಯ ಹುಡಿಯಾಗಿ ಏಳುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಹೊಸ ಮರದ, ಗಾಳಿಯಾಡದ ಡ್ರಾಯರ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಮಗಳ ಸಾಮಾನಿಗೆಂದೇ ಹಲಸಿನ ಮರದ ಹೊಸ ಕಪಾಟು ಮಾಡಿಸಿ, ಬಚ್ಚಲಿಗೆ ತಾಗಿದ ಗೋಡೆಗೆ ಇಟ್ಟಿದ್ದರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮಿಗಿಲು ಮಳೆ ಬೀಳುತ್ತದೆ, ಹೊಸನಗರದ ಘಟ್ಟದಂಚಿನ ಊರುಗಳೂ ಆ ಲೆಕ್ಕದಲ್ಲಿ ಬಹಳ ಹಿಂದಿಲ್ಲ, ಅಲ್ಲಿ ಆಷಾಢದಲ್ಲಿ ಉಪ್ಪಿನ ಜಾಡಿಯೇ ನೀರಾಗಿರುತ್ತದೆ. ಪ್ರೀತಿಯಿಂದ ಮಾಡಿಸಿದ ಕಪಾಟೇ ಪೆಲೆಟ್ ಕೆಡಿಸಿತು ಎಂದು ಹೇಳಲು ನನಗೆ ಸಂಕೋಚವಾಯಿತು.

ಹುಡಿ ಹಿಡಿದ ಪೆಲೆಟ್‌ನ ಮೈ ಒರಟಾಗಿ, ಬ್ಯಾರೆಲ್‌ನಲ್ಲಿ ಒಂದೊಂದು ಒಂದೊಂದು ಬಗೆಯ ತಡೆ ಎದುರಿಸುತ್ತದೆ. ಅದನ್ನು ತೊಳೆದು ಉಳಿಸಿಕೊಳ್ಳುವ ಗೋಜು ಬೇಡ, ಆ ಹುಡಿ ವಿಷ, ಉಸಿರಿಗೂ ಕೈಗೂ ಒಳ್ಳೆಯದಲ್ಲ. ಒಳ್ಳೆಯ ಪೆಲೆಟ್ ಮುಟ್ಟಿದ ಮೇಲೂ ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುವುದು ರೂಢಿಯಾಗಬೇಕು. ಹೊಸ ಡಬ್ಬಿಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಲದೊಡನೆ ಇಟ್ಟು, ಮರ ಮತ್ತು ರಟ್ಟಿನಿಂದ ದೂರವಿಟ್ಟರೆ ಸಾಕು.

ಡಬ್ಬಿಯಲ್ಲಿ ಇನ್ನೊಂದು ದೋಷವೂ ಇರಬಹುದು. ಪೆಲೆಟ್‌ನ ಹಿಂಬದಿಯ ಲಂಗದಂಥ ಭಾಗ, ನಾವು ಸ್ಕರ್ಟ್ ಎನ್ನುವುದು, ಬಹಳ ತೆಳು. ಗಾಳಿಯ ಒತ್ತಡಕ್ಕೆ ಅರಳಿ ಬ್ಯಾರೆಲ್ ಗೋಡೆಗೆ ಅಂಟಿಕೊಳ್ಳಬೇಕಾದದ್ದು ಅದೇ. ಅರ್ಧ ಖಾಲಿಯಾದ ಡಬ್ಬಿಯನ್ನು ಬೈಕಿನ ಪೆಟ್ಟಿಗೆಗೆ ಹಾಕಿಕೊಂಡು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋದರೆ ಮಂಡಗದ್ದೆ ದಾಟುವಷ್ಟರಲ್ಲಿ ಒಳಗಿನ ಪೆಲೆಟ್‌ಗಳು ಒಂದಕ್ಕೊಂದು ಗುದ್ದಿಕೊಂಡು ಎಷ್ಟೋ ಸ್ಕರ್ಟ್‌ಗಳು ಮೊಟ್ಟೆಯಾಕಾರಕ್ಕೆ ಬಂದಿರುತ್ತವೆ. ಮುಚ್ಚಳದೊಳಗೆ ಬರುವ ಸ್ಪಂಜಿನ ಬಿಲ್ಲೆಯನ್ನು ಎಸೆಯಬೇಡಿ, ಖಾಲಿ ಜಾಗಕ್ಕೆ ಇನ್ನೊಂದು ತುಂಡು ಸ್ಪಂಜು ಸೇರಿಸಿ.

ಪೆಲೆಟ್‌ಗಳನ್ನು ತೂಗಿ ಬೇರ್ಪಡಿಸುವ ಚಟವೂ ಕೆಲವರಿಗಿದೆ. 0.53 ಗ್ರಾಂ ಎಂದು ಬರೆದ ಪೆಲೆಟ್ ಎಂದರೆ 530 ಮಿ.ಗ್ರಾಂ., ಅಂಗಡಿಯ 10 ಮಿ.ಗ್ರಾಂ. ಹೆಜ್ಜೆಯ ತಕ್ಕಡಿಯಿಂದ ಅವುಗಳ ವ್ಯತ್ಯಾಸ ತಿಳಿಯುವುದೇ ಇಲ್ಲ. 1 ಮಿ.ಗ್ರಾಂ. ತೋರಿಸುವ ತಕ್ಕಡಿ ಇದ್ದವರು ತೂಗಲಿ, ಆದರೆ ನನ್ನ ಅನುಭವದಲ್ಲಿ ಕಣ್ಣಿಟ್ಟು ಸ್ಕರ್ಟ್ ನೋಡುವುದರಿಂದ ಸಿಗುವಷ್ಟು ಲಾಭ ತೂಕದಿಂದ ಸಿಕ್ಕಿಲ್ಲ.

ಗಾಳಿಯ ಒಳಗಿನ ನೀರು

ಹೊಸ ಡಬ್ಬಿಯಿಂದ ಹಾರುವ ಗುಂಡು ನಿಂತರೂ ಗ್ರೂಪ್ ಮೇಲೆ ಕೆಳಗೆ ಉದ್ದವಾಗಿಯೇ ಉಳಿಯಿತು. ನಾನು ಮೊದಲ ದಿನ ಗಮನಿಸದೆ ಬಿಟ್ಟದ್ದು ಇದೇ.

ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ಕ್ರಮಿಸುವಷ್ಟರಲ್ಲಿ ಸುಮಾರು 16 ಮಿ.ಮೀ. ಕೆಳಗೆ ಬೀಳುತ್ತದೆ. ವೇಗ 172ಕ್ಕೆ ಇಳಿದರೆ ಬೀಳುವುದು ಹೆಚ್ಚುಕಡಿಮೆ 16.6 ಮಿ.ಮೀ. ಹತ್ತರ ಚುಕ್ಕೆಯ ಇಡೀ ಅಗಲಕ್ಕಿಂತ ಈ ವ್ಯತ್ಯಾಸ ದೊಡ್ಡದು, ಬರೀ 3 ಮೀಟರ್ ವೇಗದ ಏರುಪೇರಿನಿಂದ ಆಗುವುದು. ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಹೊಡೆದಾಗ ಅವಳ ರೈಫಲ್‌ನ ವೇಗ ಗುಂಡಿನಿಂದ ಗುಂಡಿಗೆ 10 ಮೀಟರ್‌ವರೆಗೆ ಓಡಾಡಿತು. ಸಿಲಿಂಡರ್‌ನ ಒತ್ತಡ ಎಷ್ಟೇ ಇರಲಿ, ಪ್ರತಿ ಗುಂಡಿಗೂ ಒಂದೇ ಅಳತೆಯ ಒತ್ತಡ ಕೊಡಬೇಕಾದ ರೆಗ್ಯುಲೇಟರ್ ತನ್ನ ಕೆಲಸ ಮಾಡುತ್ತಿರಲಿಲ್ಲ.

ಏಕೆಂದರೆ ಅದರೊಳಗೆ ನೀರಿತ್ತು. ಮಾರ್ಚ್‌ವರೆಗೆ ಅವರು ಶಿವಮೊಗ್ಗದಲ್ಲಿ ಸಿಲಿಂಡರ್ ತುಂಬಿಸಿಕೊಂಡು ಬರುತ್ತಿದ್ದರು, ಮಳೆ ಹಿಡಿದ ಮೇಲೆ ಅಷ್ಟು ದೂರ ಏಕೆ ಎಂದು ಕೈಪಂಪು ತಂದು ಮನೆಯ ಜಗಲಿಯಲ್ಲೇ ತುಂಬಲು ಶುರುಮಾಡಿದ್ದರು. ಲೆಕ್ಕ ಸುಲಭ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವದಿಂದ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. 200 ಮಿ.ಲೀ. ಒಳಜಾಗದ ಸಿಲಿಂಡರ್‌ಗೆ 200 ಬಾರ್ ಒತ್ತಡ ತುಂಬಲು ಹೊರಗಿನ 40 ಲೀಟರ್ ಗಾಳಿ ಬೇಕು, ಅಂದರೆ ಒಂದು ಗ್ರಾಂಗೆ ಸ್ವಲ್ಪ ಕಡಿಮೆ ನೀರು. ಅಷ್ಟು ಒತ್ತಡದಲ್ಲಿ ಆವಿ ಆವಿಯಾಗಿ ಉಳಿಯಲಾರದು, ಬಹುಪಾಲು ಹನಿಯಾಗುತ್ತದೆ. ಪಂಪಿನ ಸೋಸುಕದಲ್ಲಿ ಒಂದಷ್ಟು ನಿಂತರೂ ಉಳಿದದ್ದು ಸಿಲಿಂಡರ್‌ಗೆ, ಅಲ್ಲಿಂದ ರೆಗ್ಯುಲೇಟರ್‌ಗೆ. ತಿಂಗಳುಗಟ್ಟಲೆ ಹೀಗೆ ತುಂಬಿದರೆ ಒಳಗೆ ತುಕ್ಕಿನ ಪುಡಿಯೂ ಅಂಟೂ ಸೇರುತ್ತವೆ.

ರೆಗ್ಯುಲೇಟರ್ ಬಿಚ್ಚುವುದು ಮನೆಯ ಕೆಲಸವಲ್ಲ, ಒತ್ತಡದಲ್ಲಿರುವ ಯಾವ ಭಾಗವನ್ನೂ ಅಂದಾಜಿನಲ್ಲಿ ಬಿಚ್ಚಬಾರದು. ಅದನ್ನು ತಯಾರಕರ ಸರ್ವಿಸ್ ಮಾಡುವವರಿಗೆ ಕಳಿಸಿದೆವು. ಮನೆಯವರು ಮಾಡಬೇಕಾದದ್ದು ಮಳೆಗಾಲದಲ್ಲಿ ಒಣಗಿಸಿದ ಗಾಳಿಯನ್ನು ಮಾತ್ರ ತುಂಬುವುದು, ಕೈಪಂಪೇ ಗತಿಯಾದರೆ ತೇವ ಹೀರುವ ಫಿಲ್ಟರ್ ಜೋಡಿಸಿ, ನಾಲ್ಕೈದು ನಿಮಿಷಕ್ಕೊಮ್ಮೆ ನಿಲ್ಲಿಸಿ ನೀರು ಹೊರಬಿಡುವುದು. ಸಿಲಿಂಡರ್‌ನ ಮೇಲೆ ಕೊರೆದಿರುವ ತಯಾರಿಕೆಯ ದಿನಾಂಕವನ್ನೂ ಈ ನೆಪದಲ್ಲಿ ಓದಿ. ತಯಾರಕರು ಸಾಮಾನ್ಯವಾಗಿ ಕೊಡುವ ಅವಧಿ 10 ವರ್ಷ, ಸ್ಪರ್ಧೆಯ ಪರಿಶೀಲನೆಯಲ್ಲಿ ಅದನ್ನು ಕೇಳುತ್ತಾರೆ.

ಸ್ಕ್ರೂ, ಎಣ್ಣೆ, ಬ್ಯಾರೆಲ್

ಅವಳ ರೈಫಲ್‌ನಲ್ಲಿ ಇವು ಸರಿಯಾಗಿದ್ದವು, ಆದರೆ ಬೇರೆಯವರದರಲ್ಲಿ ಮೊದಲು ಸಿಗುವುದು ಇವೇ. ಸ್ಟಾಕ್‌ನ (ರೈಫಲ್‌ನ ಹಿಡಿಯುವ ಭಾಗದ) ಸ್ಕ್ರೂ, ಡಯಾಪ್ಟರ್‌ನ (ಹಿಂದಿನ ಸೈಟ್‌ನ) ಬಿಗಿಪಟ್ಟಿ, ಮುಂದಿನ ಸೈಟ್‌ನ ಟನಲ್ ಎಂಬ ಕೊಳವೆ, ಇವನ್ನು ಕೈಯಿಂದ ಅಲುಗಿಸಿ ನೋಡಿ, ತಯಾರಕರು ಹೇಳಿದ ಅಲೆನ್ ಕೀಯಿಂದಲೇ ಬಿಗಿಮಾಡಿ. ಮರದ ಸ್ಟಾಕ್ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಸ್ಕ್ರೂವನ್ನು ವರ್ಷಕ್ಕೆ ಎರಡು ಸಲ ಸಡಿಲ ಮಾಡುತ್ತದೆ.

ತೆಂಗಿನೆಣ್ಣೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ನಮ್ಮಲ್ಲಿ ಕತ್ತಿಗೂ ಬಾಗಿಲ ತಿರುಗಣಿಗೂ ಹೊಲಿಗೆ ಯಂತ್ರಕ್ಕೂ ಅದೇ, ಆದ್ದರಿಂದ ಟ್ರಿಗರ್‌ಗೂ ಅದೇ. ಅದು ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಮಾರ್ಗಶಿರದ ಬೆಳಗ್ಗೆ ಅಡುಗೆಮನೆಯ ಬಾಟಲಿಯಲ್ಲಿ ಕಾಣುವುದೇ ಟ್ರಿಗರ್‌ನ ಒಳಗೂ ನಡೆಯುತ್ತದೆ. ಮಧ್ಯಾಹ್ನ ಸರಿಯಾಗಿದ್ದು ಬೆಳಗ್ಗೆ ಮಾತ್ರ ಟ್ರಿಗರ್ ಜಡವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಮೂಸಿ ನೋಡುತ್ತೇನೆ. ಸ್ಪ್ರಿಂಗ್ ಏರ್‌ಗನ್‌ನ ಗಾಳಿಕೋಣೆಗೆ ಯಂತ್ರದ ಎಣ್ಣೆ ಬಿಡುವುದು ಇನ್ನೂ ಅಪಾಯ, ಒತ್ತಡದ ಬಿಸಿಗೆ ಅದು ಹೊತ್ತಿಕೊಂಡು ಢಂ ಎನ್ನುತ್ತದೆ, ಸೀಲ್ ಹಾಳಾಗುತ್ತದೆ.

ಬ್ಯಾರೆಲ್ ಅನ್ನು ಫೆಲ್ಟ್ (ಒತ್ತಿದ ಉಣ್ಣೆಯ) ಪೆಲೆಟ್‌ಗಳಿಂದ, ಹಿಂಬದಿಯಿಂದ ಬಾಯಿಯ ಕಡೆಗೆ ಸ್ವಚ್ಛಗೊಳಿಸಿ. ಸ್ವಚ್ಛ ಮಾಡಿದ ಕೂಡಲೇ ಗ್ರೂಪ್ ಅಳೆಯಬೇಡಿ, ಬ್ಯಾರೆಲ್ ಮತ್ತೆ ತನ್ನ ಹದಕ್ಕೆ ಬರಲು ಒಂದಿಪ್ಪತ್ತು ಗುಂಡು ಬೇಕಾಗುತ್ತದೆ.

ಈಗ ಡೈ

ಪೆಲೆಟ್ ಸೈಜಿಂಗ್ ಡೈ ಎಂದರೆ ನಿಖರವಾಗಿ ಕೊರೆದ ರಂಧ್ರವಿರುವ ಲೋಹದ ತುಂಡು. ಪೆಲೆಟ್ ಅನ್ನು ಅದರ ಮೂಲಕ ತಳ್ಳಿದರೆ ಎಲ್ಲವೂ ಆ ರಂಧ್ರದ ವ್ಯಾಸಕ್ಕೆ ಬರುತ್ತವೆ, ಸೊಟ್ಟಗಾದ ಸ್ಕರ್ಟ್ ದುಂಡಗಾಗುತ್ತದೆ. ಡೈ ಕುಗ್ಗಿಸಬಲ್ಲದು, ಹಿಗ್ಗಿಸಲಾರದು ಎಂಬುದನ್ನು ಮರೆತವರೇ ಅದನ್ನು ಕೊಂಡು ಪೆಚ್ಚಾಗುವವರು. ಬ್ಯಾರೆಲ್‌ಗೆ ಸಡಿಲವಾದ ಪೆಲೆಟ್ ಅನ್ನು ಡೈಗೆ ತಳ್ಳಿದರೆ ಇನ್ನಷ್ಟು ಸಡಿಲವಾಗುತ್ತದೆ.

ಬೇಕೋ ಬೇಡವೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಸಿಲಿಂಡರ್ ಕಳಚಿ, ಒಳಗೆ ಉಳಿದ ಗಾಳಿಯನ್ನೂ ಖಾಲಿ ಮಾಡಿ, ಹಿಂಬದಿಯಿಂದ ಪೆಲೆಟ್ ಹಾಕಿ, ಮೆತ್ತನೆಯ ತುದಿಯ ಕೋಲಿನಿಂದ ನಿಧಾನವಾಗಿ ಬಾಯಿಯವರೆಗೆ ತಳ್ಳಿ ಹೊರತೆಗೆದು ಮಸೂರದಲ್ಲಿ ನೋಡಿ. ತಲೆಯ ಸುತ್ತ ಗೀರುಗಳು ತೆಳ್ಳಗೆ, ಎಲ್ಲ ಕಡೆ ಸಮನಾಗಿ, ಸ್ಕರ್ಟ್‌ನ ಮೇಲೆ ಸ್ಪಷ್ಟವಾಗಿ ಮೂಡಿದ್ದರೆ ಅಳತೆ ಒಪ್ಪಿದೆ, ಡೈಯಿಂದ ಏನೂ ಸಿಗದು. ತಲೆಯ ಮೇಲೆ ಗೀರೇ ಇಲ್ಲದಿದ್ದರೆ ಪೆಲೆಟ್ ಚಿಕ್ಕದು, ದೊಡ್ಡ ತಲೆಯ ಪೆಲೆಟ್ ತರಬೇಕು. ತಳ್ಳಲು ಬಲ ಬೇಕಾಗಿ, ತಲೆ ಆಳವಾಗಿ ಕೊರೆದಿದ್ದರೆ ಮಾತ್ರ ಡೈಯ ಮಾತು, ಅಲ್ಲೂ ಚಿಕ್ಕ ತಲೆಯ ಪೆಲೆಟ್ ಕೊಳ್ಳುವುದೇ ಅಗ್ಗ.

ಮ್ಯಾಚ್ ಪೆಲೆಟ್‌ಗಳು 4.48, 4.49, 4.50, 4.51 ಹೀಗೆ ನೂರನೆಯ ಒಂದು ಮಿ.ಮೀ. ಅಂತರದ ತಲೆಯಳತೆಗಳಲ್ಲಿ ಸಿಗುತ್ತವೆ. ಒಂದೊಂದು ಅಳತೆಯ ಒಂದೊಂದು ಡಬ್ಬಿ ತಂದು, ವೈಸ್‌ನಲ್ಲಿ ಹತ್ತು ಗುಂಡಿನ ಐದೈದು ಗ್ರೂಪ್ ಹೊಡೆದು, ಚಿಕ್ಕದು ಬಂದದ್ದನ್ನು ಅದೇ ಲಾಟ್ ಸಂಖ್ಯೆ (ಒಟ್ಟಿಗೆ ತಯಾರಾದ ಕಂತಿನ ಗುರುತು) ನೋಡಿ ಒಟ್ಟಿಗೆ ಕೊಳ್ಳಬೇಕು. ಅಳತೆ ಒಂದೇ ಇದ್ದು ಲಾಟ್ ಬದಲಾದರೂ ಗ್ರೂಪ್ ಬದಲಾಗಬಹುದು, ಆದ್ದರಿಂದ ಚೀಟಿಯ ಅಳತೆಗಿಂತ ಲಾಟ್ ಸಂಖ್ಯೆ ಮುಖ್ಯ. 60 ಗುಂಡಿನ ಅಭ್ಯಾಸಕ್ಕೆ ಸೈಟ್ ಹೊಂದಿಸುವ ಗುಂಡುಗಳೂ ಸೇರಿ ದಿನಕ್ಕೆ ನೂರು ಹಿಡಿದರೆ 500ರ ಡಬ್ಬಿ ಐದು ದಿನ ಬರುತ್ತದೆ. ಅಷ್ಟನ್ನೂ ಒಂದೊಂದಾಗಿ ಡೈಗೆ ತಳ್ಳುವ ಪುರುಸೊತ್ತು ಯಾವ ಮಗುವಿಗೂ ಇರುವುದಿಲ್ಲ, ಒಂದನ್ನು ಓರೆಯಾಗಿ ತಳ್ಳಿದರೂ ಹೊಸ ದೋಷವೊಂದು ಡಬ್ಬಿಗೆ ಸೇರುತ್ತದೆ. ತೋಟದ ಸ್ಪ್ರಿಂಗ್ ಏರ್‌ಗನ್‌ಗೆ ಸಿಗುವ ಅಗ್ಗದ, ಒಂದಕ್ಕೊಂದು ಹೋಲದ ಪೆಲೆಟ್‌ಗಳಲ್ಲಿ ಡೈಗೆ ಸ್ವಲ್ಪ ಕೆಲಸವಿದೆ, ಒಪ್ಪುತ್ತೇನೆ. ಮ್ಯಾಚ್ ಪೆಲೆಟ್‌ನಲ್ಲಿ ಅದು ತಯಾರಕರ ಕೆಲಸವನ್ನು ನಾವು ಕೆಡಿಸುವ ಸಾಧನ ಎಂಬುದು ನನ್ನ ಅಭಿಪ್ರಾಯ.

ರೆಗ್ಯುಲೇಟರ್ ಸರಿಯಾಗಿ ಬಂದ ಮೇಲೆ ಅವಳ ರೈಫಲ್ ಹೊಸ ಡಬ್ಬಿಯಲ್ಲಿ ಮತ್ತೆ 3 ಮಿ.ಮೀ. ಒಳಗೆ ಕೂತಿತು, ವೇಗದ ಏರುಪೇರು 2 ಮೀಟರ್‌ಗೆ ಇಳಿಯಿತು. ಇಷ್ಟೆಲ್ಲ ನೋಡಿದ ಮೇಲೂ ನಿಮ್ಮದರಲ್ಲಿ ಗ್ರೂಪ್ ಚದುರುತ್ತಿದ್ದರೆ ಉಳಿಯುವುದು ಕ್ರೌನ್ ಎನ್ನುವ ಬ್ಯಾರೆಲ್ ಬಾಯಿಯ ಅಂಚು. ಹತ್ತಿಯ ಕಡ್ಡಿಯನ್ನು ಅಂಚಿನ ಸುತ್ತ ನಿಧಾನವಾಗಿ ತಿರುಗಿಸಿ, ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಜಜ್ಜಿದೆ ಎಂದರ್ಥ. ಅರದಿಂದ ಉಜ್ಜಲು ಹೋಗದೆ ರೈಫಲ್ ಅನ್ನು ಸರ್ವಿಸ್‌ಗೆ ಕಳಿಸಿ, ಜೊತೆಗೆ ವೈಸ್‌ನಲ್ಲಿ ಹೊಡೆದ ಐದು ಕಾಗದಗಳನ್ನು, ಒಂದೊಂದರ ಮೇಲೂ ದಿನಾಂಕ, ಲಾಟ್ ಸಂಖ್ಯೆ, ಸಿಲಿಂಡರ್‌ನ ಒತ್ತಡ ಬರೆದು, ಪೆಟ್ಟಿಗೆಯೊಳಗೆ ಇಡಿ.